ಬೆರಕೆ ಕಬ್ಬು, ಬೆರಕೆ ಬೆಲ್ಲ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಆಲೆಮನೆಗಳನ್ನು ಕುರಿತು ಒಂದು ವಿಚಾರ

ಬೆಲ್ಲವು ಕೆಟ್ಟಿತೆಂದರೆ ಮೊದಲು ದೂಷಣೆಗೆ ಗುರಿಯಾಗತಕ್ಕವನು ಪಾಕ ಕಾಯುವವನು. ಹದ ತಪ್ಪಿತು, ಸುಣ್ಣ ಹೆಚ್ಚಾಯಿತು, ಉರಿ ಸಾಲಲಿಲ್ಲ ಎಂದು ಕಬ್ಬಿನ ಒಡೆಯನು ಹೇಳುವನು. ಆಲೆಮನೆಯ ಯಜಮಾನನು ಮಂಡಿಯ ದಲ್ಲಾಳಿಯನ್ನು ದೂರುವನು. ದಲ್ಲಾಳಿಯು ಹವೆಯನ್ನೂ ಮಳೆಯನ್ನೂ ದೂರುವನು. ಈ ದೂರುಗಳಲ್ಲಿ ಒಂದೊಂದರಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಆಲೆಮನೆಗಳನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿರುವ ನನ್ನ ಅಭಿಪ್ರಾಯವೇನೆಂದರೆ, ನಮ್ಮ ಬೆಲ್ಲದ ದೋಷಗಳಲ್ಲಿ ಹೆಚ್ಚಿನ ಪಾಲು ಕೊಪ್ಪರಿಗೆಯ ಬಳಿಯಲ್ಲಿ ಹುಟ್ಟತಕ್ಕದ್ದಲ್ಲ. ಅದು ಗದ್ದೆಯಲ್ಲಿಯೇ, ಬಿತ್ತನೆಯ ದಿವಸವೇ ಹುಟ್ಟಿ, ಗಾಣದ ಮುಂದೆ ಬೆಳೆದು, ಕೊಪ್ಪರಿಗೆಯಲ್ಲಿ ಬಯಲಿಗೆ ಬರತಕ್ಕದ್ದು. ಆ ದೋಷದ ಹೆಸರು ಬೆರಕೆ. ತಳಿಗೆ ತಳಿ ಬೆರಕೆ, ಎಳೆಯದಕ್ಕೆ ಬಲಿತದ್ದು ಬೆರಕೆ, ಇಂದು ಕಡಿದುದಕ್ಕೆ ನಾಲ್ಕು ದಿವಸದ ಹಿಂದೆ ಕಡಿದುದು ಬೆರಕೆ. ಇದನ್ನು ತಡೆಯುವುದು ಪಾಕಗಾರನ ಕೈಯಲ್ಲಿಲ್ಲ. ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕೈಯಲ್ಲಿದೆ. ಆದಕಾರಣವೇ ಈ ಲೇಖನವನ್ನು ಅವರನ್ನು ಉದ್ದೇಶಿಸಿ ಬರೆಯಲಾಗಿದೆ.

ತಳಿಗಳು ಬಂದ ಬಗೆ

ನಮ್ಮ ಸೀಮೆಗೆ ಕಬ್ಬು ಹೊಸದಲ್ಲ. ಆದರೆ ಈಗಿನಷ್ಟು ವಿಸ್ತಾರವಾಗಿ ಕಬ್ಬು ಬೆಳೆಯತೊಡಗಿದುದು ಕನ್ನಂಬಾಡಿಯ ಕಟ್ಟೆಯ ನೀರು ಹುಲಿಕೆರೆಯ ಸುರಂಗವನ್ನು ದಾಟಿ ಈ ಬಯಲಿಗೆ ಹರಿದ ಮೇಲೆಯೇ. ಆಗ ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು ಈಗ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾಗಿರುವ ನಾಲೆಯು 1930ರ ದಶಕದ ಆರಂಭದಲ್ಲಿ ನೀರು ಕೊಡತೊಡಗಿತು. ಮಂಡ್ಯದ ಸಕ್ಕರೆ ಕಂಪೆನಿಯು 1933ರಲ್ಲಿ ಸ್ಥಾಪಿತವಾಯಿತು. ಆ ಕಾಲದಲ್ಲಿ ವ್ಯವಸಾಯದ ಇಲಾಖೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಈ ಎರಡು ಕಾರ್ಯಗಳನ್ನೂ, ಅಂದರೆ ನೀರನ್ನೂ ಕಬ್ಬನ್ನೂ, ಒಂದಕ್ಕೊಂದು ಹೊಂದಿಸಲು ಪಟ್ಟ ಶ್ರಮವನ್ನು ಮಂಡ್ಯದ ಹಿರಿಯರು ಮರೆತಿಲ್ಲ.

ಅದಕ್ಕೆ ಮುಂಚೆ ನಮ್ಮವರು ಪಟ್ಟಾಪಟ್ಟಿ, ರಸದಾಳಿ ಮೊದಲಾದ ನಾಡಕಬ್ಬುಗಳನ್ನು ಬೆಳೆಯುತ್ತಿದ್ದರು. ಅವುಗಳ ಬಳಿಕ ಹೆಬ್ಬಾಳದ ಪ್ರಯೋಗಕ್ಷೇತ್ರದಲ್ಲಿ ಎಬ್ಬಿಸಿದ ಎಚ್.ಎಂ. 320 ಎಂಬ ಕಬ್ಬು ಬಂದಿತು. 1912ರಲ್ಲಿ ಸ್ಥಾಪಿತವಾದ ಕೊಯಮತ್ತೂರಿನ ಕಬ್ಬಿನ ತಳಿ ಸಂಶೋಧನಾಲಯದಿಂದ ಕೋ 419 ಬಂದು ದಕ್ಷಿಣ ಹಿಂದೂಸ್ಥಾನದಲ್ಲೆಲ್ಲ ಹೆಸರು ಮಾಡಿತು. ಅನಂತರ ಕೋ 62175 ಬಂದು ತೂಕದ ಇಳುವರಿಯಿಂದ ರೈತರ ಮನಸ್ಸನ್ನು ಗೆದ್ದಿತು. ಅದರ ತರುವಾಯ ಸಕ್ಕರೆಯ ಅಂಶಕ್ಕೂ ಬೆಲ್ಲದ ಗುಣಕ್ಕೂ ಕೂಳೆಗೂ ಒಳ್ಳೆಯದೆನಿಸಿಕೊಂಡ ಕೋ 86032 ಬಂದಿತು. ಮಂಡ್ಯದ ವಿ.ಸಿ. ಫಾರಂನವರು ತಾವೇ ಆರಿಸಿ ತೆಗೆದ ತಳಿಗಳೂ ಈಗ ನಮ್ಮ ಗದ್ದೆಗಳಲ್ಲಿವೆ.

ತಳಿಗಳು ಹೆಚ್ಚಿದುದು ಭಾಗ್ಯವೇ ಹೊರತು ದೌರ್ಭಾಗ್ಯವಲ್ಲ. ದೌರ್ಭಾಗ್ಯವೆಂದರೆ ಅವುಗಳ ಹೆಸರೂ ಗುಣವೂ ನಮ್ಮ ಗ್ರಾಮಗಳಲ್ಲಿ ಕಲಸಿಹೋಗಿರುವುದು. ಕೋ ಎಂಬುದು ಕೊಯಮತ್ತೂರಿನ ಗುರುತು. ಅದರ ಮುಂದೆ ಬೇರೆ ಅಕ್ಷರವಿದ್ದರೆ ಆ ತಳಿಯನ್ನು ಆರಿಸಿದ ಬೇರೆ ಕೇಂದ್ರದ ಗುರುತು. ಈಚಿನ ತಳಿಗಳಲ್ಲಿ ಸಂಖ್ಯೆಯ ಮೊದಲೆರಡು ಅಂಕಿಗಳು ಸಾಮಾನ್ಯವಾಗಿ ಇಸವಿಯನ್ನು ಸೂಚಿಸುವುವು. 62175 ಎಂಬುದು 1962ರ ಸಾಲಿನದು, 86032 ಎಂಬುದು 1986ರ ಸಾಲಿನದು. ಇಷ್ಟು ಸುಲಭವಾದ ಲೆಕ್ಕವಿದ್ದರೂ ನಮ್ಮವರು ‘ಅರವತ್ತೆರಡು’, ‘ಎಂಬತ್ತಾರು’, ‘ಫಾರಂ ಕಬ್ಬು’, ‘ಕೆಂಪು ಕಬ್ಬು’ ಎಂದು ಬಾಯಿಗೆ ಬಂದ ಹೆಸರಿನಿಂದ ಕರೆದು, ಬೀಜದ ಜಲ್ಲೆಯನ್ನು ಆ ಹೆಸರಿನ ಮೇಲೆಯೇ ಕೊಂಡು ನೆಡುವರು. ಭತ್ತದ ಬೀಜವನ್ನು ಕೊಳ್ಳುವಾಗ ಚೀಲದ ಮೇಲಿನ ಚೀಟಿಯನ್ನು ಓದಿಸಿ ಕೇಳುವ ಯಜಮಾನರೇ, ಒಂದು ಸಲ ನೆಟ್ಟರೆ ಕೂಳೆ ಸೇರಿ ಮೂರು ನಾಲ್ಕು ವರ್ಷ ಗದ್ದೆಯಲ್ಲಿ ನಿಲ್ಲತಕ್ಕ ಕಬ್ಬಿನ ಬೀಜವನ್ನು ಹೆಸರು ಕೇಳದೆ ಕೊಳ್ಳುವರೆಂಬುದು ಆಶ್ಚರ್ಯಕರವಾದ ಸಂಗತಿ.

ಬೆರಕೆಯು ಪ್ರಾರಂಭವಾಗುವ ಸ್ಥಳಗಳು

ಮೊದಲನೆಯದು ಬೀಜದ ಜಲ್ಲೆ. ಬೀಜಕ್ಕೆಂದು ಬೇರೆಯಾಗಿ ಬೆಳೆದ ಏಳೆಂಟು ತಿಂಗಳಿನ ಕಬ್ಬಿನಿಂದ ತುಂಡುಗಳನ್ನು ತೆಗೆಯತಕ್ಕದ್ದು ಕ್ರಮ. ನಮ್ಮಲ್ಲಿ ಬಹುಮಂದಿ ಗಾಣಕ್ಕೆಂದು ಕಡಿದ ಬಲಿತ ಕಬ್ಬಿನಲ್ಲಿ ಅಗ್ಗಕ್ಕೆ ಸಿಕ್ಕಿದುದನ್ನು ತಂದು ನೆಡುವರು. ಅದು ಯಾವ ಗದ್ದೆಯದು, ಯಾವ ತಳಿಯದು, ರೋಗವಿದ್ದಿತೋ ಇಲ್ಲವೋ ಎಂಬುದು ತಂದವನಿಗೂ ತಿಳಿಯದು, ಮಾರಿದವನಿಗೂ ತಿಳಿಯದು.

ಎರಡನೆಯದು ಸಂದು ತುಂಬುವುದು. ಮೊಳಕೆ ಬಾರದೆ ಬರಿದಾದ ಸ್ಥಳಗಳಲ್ಲಿಯೂ ಕೂಳೆಯಲ್ಲಿ ಸತ್ತ ಬುಡಗಳ ಸ್ಥಳದಲ್ಲಿಯೂ ಕೈಗೆ ಸಿಕ್ಕಿದ ತುಂಡನ್ನು ನೆಡುವುದರಿಂದ, ಮೊದಲ ವರ್ಷ ಶುದ್ಧವಾಗಿದ್ದ ಗದ್ದೆಯು ಮೂರನೆಯ ವರ್ಷದ ವೇಳೆಗೆ ಬೆರಕೆಯಾಗುವುದು. ಅಲ್ಲದೆ ಸಂದಿನ ಕಬ್ಬು ಸುತ್ತಲಿನದಕ್ಕಿಂತ ಎರಡು ಮೂರು ತಿಂಗಳು ಎಳೆಯದು. ಆದರೂ ಕಡಿಯುವುದು ಒಂದೇ ದಿವಸ.

ಮೂರನೆಯದು ನೀರಿನ ಸರದಿ. ಇದು ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕೊನೆಯ ಭಾಗದವರಿಗೆ ಚೆನ್ನಾಗಿ ತಿಳಿದ ಕಷ್ಟ. ನಾಲೆಯ ಮೇಲುಭಾಗದವನು ನೀರು ಬಿಟ್ಟ ವಾರದಲ್ಲಿಯೇ ನಾಟಿ ಮಾಡುವನು. ಕೊನೆಯವನಿಗೆ ನೀರು ಮುಟ್ಟುವ ವೇಳೆಗೆ ತಿಂಗಳು ಕಳೆದಿರುವುದುಂಟು. ಕೊಳವೆಬಾವಿಯವನು ಯಾರನ್ನೂ ಕಾಯದೆ ತನಗೆ ತೋರಿದಾಗ ನೆಡುವನು. ಆದಕಾರಣ ಒಂದೇ ಗ್ರಾಮದಲ್ಲಿ ಹತ್ತು ತಿಂಗಳಿನ ಕಬ್ಬೂ ಹದಿನಾಲ್ಕು ತಿಂಗಳಿನ ಕಬ್ಬೂ ಒಂದೇ ವಾರ ಗಾಣದ ಮುಂದೆ ಬಂದು ನಿಲ್ಲುವುವು.

ನಾಲ್ಕನೆಯದು ಆಲೆಮನೆಯ ಅಂಗಳ. ಹಿಂದೆ ರೈತನು ತನ್ನ ಕಬ್ಬನ್ನು ತಾನೇ ಅರೆಸಿ, ತಾನೇ ಬೆಲ್ಲ ಮಾಡಿಸಿ, ತಾನೇ ಮಾರುತ್ತಿದ್ದನು. ಈಗ ಬಹುಮಟ್ಟಿಗೆ ಆಲೆಮನೆಯವರೇ ಕಬ್ಬನ್ನು ಟನ್ನಿನ ಲೆಕ್ಕದಲ್ಲಿ ಕೊಳ್ಳುವರು. ಅಂಗಳದಲ್ಲಿ ಎರಡು ಮೂರು ಊರುಗಳ ಕಬ್ಬು ಒಂದೇ ರಾಶಿಯಾಗಿ ಬೀಳುವುದು. ಬೆಳಿಗ್ಗೆ ಬಂದುದು ಮೇಲೆ ಬಿದ್ದು ಮೊದಲು ಗಾಣಕ್ಕೆ ಹೋಗುವುದು. ಮೊನ್ನೆ ಬಂದುದು ಅಡಿಯಲ್ಲಿ ಸಿಕ್ಕಿಕೊಂಡು ಒಣಗುವುದು.

ಮಳವಳ್ಳಿ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಈ ರಾಶಿಯನ್ನು ತೋರಿಸಿ ನಾನು ಆಕ್ಷೇಪಿಸಿದಾಗ ಅಲ್ಲಿನ ಯಜಮಾನರು ಹೇಳಿದ ಮಾತಿದು: “ಸ್ವಾಮಿ, ಕೊಪ್ಪರಿಗೆಗೆ ಬಿದ್ದ ಮೇಲೆ ಕಬ್ಬಿಗೆ ಜಾತಿ ಯಾವುದು? ಎಲ್ಲ ಸೇರಿ ಸಿಹಿಯೇ ಆಗುತ್ತದೆ.” ಈ ಮಾತು ಕೇಳಲು ಚೆನ್ನಾಗಿದೆ. ಅದು ನಿಜವಲ್ಲವೆಂಬುದನ್ನು ಮುಂದೆ ವಿವರಿಸುವೆನು.

ಕೊಪ್ಪರಿಗೆಯಲ್ಲಿ ನಡೆಯತಕ್ಕದ್ದು

ಕಬ್ಬಿನ ಹಾಲಿನಲ್ಲಿರುವ ಸಿಹಿಯು ಒಂದೇ ಬಗೆಯದಲ್ಲ. ಹರಳುಗಟ್ಟತಕ್ಕ ಸಕ್ಕರೆ ಒಂದು. ಹರಳುಗಟ್ಟದೆ ಜಿಗುಟಾಗಿಯೇ ಉಳಿಯತಕ್ಕ ಗ್ಲೂಕೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳು ಇನ್ನೊಂದು. ಎಳೆಯ ಕಬ್ಬಿನಲ್ಲಿ ಜಿಗುಟು ಸಕ್ಕರೆಯು ಹೆಚ್ಚು. ಕಬ್ಬು ಬಲಿತಂತೆಲ್ಲ ಅದು ಕಡಮೆಯಾಗಿ ಹರಳು ಸಕ್ಕರೆಯು ಹೆಚ್ಚುವುದು. ಹದ ಮೀರಿ ನಿಂತ ಕಬ್ಬಿನಲ್ಲಿಯೂ, ಕಡಿದು ದಿವಸಗಟ್ಟಲೆ ಬಿಸಿಲಿನಲ್ಲಿ ಬಿದ್ದ ಕಬ್ಬಿನಲ್ಲಿಯೂ ಹರಳು ಸಕ್ಕರೆಯು ಒಡೆದು ಪುನಃ ಜಿಗುಟು ಸಕ್ಕರೆಯಾಗುವುದು. ನಾಲಗೆಗೆ ಎರಡೂ ಸಿಹಿಯೇ. ಆದರೆ ಅಚ್ಚಿನಲ್ಲಿ ಗಟ್ಟಿಯಾಗಿ ನಿಂತು, ಮುರಿದರೆ ಹರಳು ಹರಳಾಗಿ ಹೊಳೆಯುವ ಬೆಲ್ಲವನ್ನು ಕೊಡತಕ್ಕದ್ದು ಮೊದಲನೆಯದು ಮಾತ್ರ. ಎರಡನೆಯದು ಹೆಚ್ಚಿದರೆ ಬೆಲ್ಲವು ಮೆತ್ತಗಾಗಿ, ಗಾಳಿಯ ತೇವವನ್ನು ಹೀರಿ, ಮಳೆಗಾಲದಲ್ಲಿ ನೀರೊಡೆಯುವುದು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದೇನೆಂದರೆ, ಒಳ್ಳೆಯ ಹಾಲಿಗೆ ಕೆಟ್ಟ ಹಾಲನ್ನು ಬೆರಸಿದರೆ ಮಧ್ಯಮವಾದ ಬೆಲ್ಲ ಬರುವುದೆಂಬ ನಂಬಿಕೆಯು ತಪ್ಪು. ಸಕ್ಕರೆಯ ಒಟ್ಟು ತೂಕವೇನೋ ಸರಾಸರಿಗೆ ಬರುವುದು. ಆದರೆ ಬೆಲ್ಲ ಕಟ್ಟುವ ಗುಣವು ಸರಾಸರಿಗೆ ಬಾರದು. ಜಿಗುಟು ಸಕ್ಕರೆಯು ತಾನು ಹರಳಾಗದೆ ಇರುವುದಷ್ಟೇ ಅಲ್ಲ, ಪಕ್ಕದಲ್ಲಿರುವ ಹರಳು ಸಕ್ಕರೆಯನ್ನೂ ಕಟ್ಟಗೊಡದು. ಹಾಲಿನ ಕುಡಿಕೆಗೆ ಹುಳಿ ಬಿದ್ದಂತೆ, ಒಳ್ಳೆಯದೇ ಕೆಟ್ಟದರ ದಾರಿಯನ್ನು ಹಿಡಿಯುವುದು.

ಇದಾದ ಮೇಲೆ ಪಾಕಗಾರನ ಸಂಕಟವನ್ನು ನೋಡಿರಿ. ಒಳ್ಳೆಯ ಕಬ್ಬಿನ ಹಾಲಾದರೆ ಸುಮಾರು 118 ಡಿಗ್ರಿ ಸೆಂಟಿಗ್ರೇಡ್ ಉಷ್ಣಮಾನದಲ್ಲಿ ಪಾಕ ಕೂಡಿ ಇಳಿಸಲು ಬರುವುದು. ಬೆರಕೆ ಹಾಲು ಆ ಹದಕ್ಕೆ ಬಂದರೂ ಗಟ್ಟಿಯಾಗದು. ಆಗ ಅವನು ಇನ್ನೂ ಕುದಿಸುವನು. ಹೆಚ್ಚು ಕುದಿಸಿದರೆ ಸಕ್ಕರೆ ಕರಿದು ಬಣ್ಣವು ಕಪ್ಪಾಗುವುದು. ಕಪ್ಪಾದ ಬೆಲ್ಲಕ್ಕೆ ಮಂಡಿಯಲ್ಲಿ ಬೆಲೆಯಿಲ್ಲ. ಆದಕಾರಣ ಅವನು ಹೈಡ್ರಾಸ್ ಎಂದು ಕರೆಯಲ್ಪಡುವ ಗಂಧಕದ ಪುಡಿಯನ್ನು ಹಾಕುವನು. ಹಾಕಿದ ಕೂಡಲೆ ಬೆಲ್ಲವು ಹೊಂಬಣ್ಣವಾಗಿ ಕಾಣುವುದು. ಕೆಲವು ವಾರಗಳು ಕಳೆದರೆ ಬಣ್ಣವು ಪುನಃ ಕಂದುವುದು, ಗಂಧಕದ ಅಂಶ ಮಾತ್ರ ತಿನ್ನುವವನ ಹೊಟ್ಟೆಯನ್ನು ಸೇರುವುದು. ಮೆತ್ತಗಾದ ಬೆಲ್ಲವನ್ನು ಗಟ್ಟಿಗೊಳಿಸಲು ಕೆಲವರು ಅಗ್ಗದ ಸಕ್ಕರೆಯನ್ನು ಸುರಿಯುವರು. ಹೀಗೆ ಗದ್ದೆಯ ಒಂದು ಬೆರಕೆಯನ್ನು ಮುಚ್ಚಲು ಕೊಪ್ಪರಿಗೆಯಲ್ಲಿ ಇನ್ನೆರಡು ಬೆರಕೆಗಳು ನಡೆಯುವುವು. ಮಂಡ್ಯದ ಬೆಲ್ಲವೆಂದರೆ ಪುಡಿ ಹಾಕಿದ ಬೆಲ್ಲವೆಂಬ ಅಪಕೀರ್ತಿಯು ದೂರದ ಊರುಗಳಲ್ಲಿ ಹಬ್ಬಿದರೆ, ಅದರ ನಷ್ಟವು ಪಾಕಗಾರನಿಗಲ್ಲ, ಗದ್ದೆಯುಳ್ಳವನಿಗೆ.

ಸುಣ್ಣದ ವಿಷಯವೂ ಹೀಗೆಯೇ. ಹಾಲಿನಲ್ಲಿ ಸ್ವಾಭಾವಿಕವಾಗಿ ಸ್ವಲ್ಪ ಹುಳಿಯುಂಟು. ಅದನ್ನು ತಕ್ಕಮಟ್ಟಿಗೆ ಮುರಿಯಲು ಸುಣ್ಣದ ತಿಳಿನೀರನ್ನು ಹಾಕತಕ್ಕದ್ದು. ಸುಣ್ಣ ಕಡಮೆಯಾದರೆ ಕುದಿಯುವಾಗ ಹುಳಿಯಿಂದ ಸಕ್ಕರೆ ಒಡೆಯುವುದು; ಹೆಚ್ಚಾದರೆ ಜಿಗುಟು ಸಕ್ಕರೆಯೊಡನೆ ಸೇರಿ ಬಣ್ಣವನ್ನು ಕೆಡಿಸುವುದು. ಒಂದು ಗದ್ದೆಯ, ಒಂದು ತಳಿಯ, ಒಂದೇ ಹದದ ಕಬ್ಬು ಬಂದರೆ ಅನುಭವಸ್ಥನು ಮೊದಲ ಕೊಪ್ಪರಿಗೆಯಲ್ಲಿಯೇ ಅಳತೆಯನ್ನು ಕಂಡುಕೊಂಡು ಉಳಿದುವನ್ನು ಅದರಂತೆ ನಡೆಸುವನು. ಪ್ರತಿ ಕೊಪ್ಪರಿಗೆಗೂ ಬೇರೆ ಬೇರೆ ಹಾಲು ಬಂದರೆ ಅವನ ಅನುಭವಕ್ಕೆ ಬೆಲೆಯೇ ಇಲ್ಲ. ಈಗ ನಮ್ಮ ಆಲೆಮನೆಗಳಲ್ಲಿ ಉತ್ತರ ಪ್ರದೇಶದಿಂದ ಬಂದ ಕೆಲಸಗಾರರು ಅನೇಕರಿದ್ದಾರೆ. ಅವರು ಶ್ರಮಜೀವಿಗಳು, ಕೆಲಸವನ್ನೂ ಬಲ್ಲವರು. ಆದರೆ ರಾಶಿಯಲ್ಲಿರುವ ಕಬ್ಬು ಯಾವ ಊರಿನದು, ಯಾವ ನೆಲದ್ದು ಎಂಬುದನ್ನು ನಾವೇ ಹೇಳದಿದ್ದರೆ ಅವರು ತಿಳಿಯುವುದು ಹೇಗೆ?

ನೆಲದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ನೀರು ನಿಂತು ಚೌಳಾದ ತಗ್ಗಿನ ಗದ್ದೆಗಳ ಕಬ್ಬು ಉಪ್ಪನ್ನು ಹೀರಿಕೊಂಡು ಬೆಲ್ಲಕ್ಕೆ ಉಪ್ಪುರುಚಿಯನ್ನು ತರುವುದು. ಸಾರಜನಕದ ಗೊಬ್ಬರವನ್ನು ಕೊನೆಯ ತಿಂಗಳುಗಳವರೆಗೂ ಎರಚಿದ ಗದ್ದೆಯ ಕಬ್ಬು ಹಸುರಾಗಿ ಬೆಳೆಯುತ್ತಲೇ ಇದ್ದು ಹದಕ್ಕೆ ಬರುವುದೇ ಇಲ್ಲ. ಇಂತಹ ಕಬ್ಬನ್ನು ಒಳ್ಳೆಯ ಮಕ್ಕಿಗದ್ದೆಯ ಕಬ್ಬಿನೊಡನೆ ಬೆರಸಿದರೆ ಎರಡೂ ಹಾಳು. ಕಬ್ಬಿನ ತುದಿಯ ಎಳೆಯ ಗೆಣ್ಣುಗಳನ್ನೂ, ಬುಡದಿಂದ ತಡವಾಗಿ ಎದ್ದ ನೀರುಗಂದುಗಳನ್ನೂ ತೂಕದ ಆಸೆಯಿಂದ ಕಟ್ಟಿನೊಳಗೆ ಸೇರಿಸುವುದು ಕೂಡ ಇದೇ ಜಾತಿಯ ತಪ್ಪು.

ಒಂದು ಲೆಕ್ಕ

ಮಾತಿಗಿಂತ ಲೆಕ್ಕವು ಮೇಲಾದುದರಿಂದ ಒಂದು ಉದಾಹರಣೆಯನ್ನು ಕೊಡುವೆನು. ಒಂದು ಟನ್ನು ಕಬ್ಬಿನಿಂದ ಗಾಣದಲ್ಲಿ 600 ಕಿಲೋಗ್ರಾಂ ಹಾಲು ಬರುವುದೆಂದು ಇಟ್ಟುಕೊಳ್ಳೋಣ. ಹಾಲಿನಲ್ಲಿ ಕರಗಿರುವ ಸಾರವನ್ನು ಅಳೆಯುವ ಅಳತೆಗೆ ಬ್ರಿಕ್ಸ್ ಎಂದು ಹೆಸರು. ಹದಕ್ಕೆ ಬಂದ ಕಬ್ಬಿನ ಬ್ರಿಕ್ಸ್ 20 ಆದರೆ ಆ ಹಾಲಿನಲ್ಲಿ 120 ಕಿಲೋಗ್ರಾಂ ಸಾರವಿದೆ. ಕುದಿಸಿ ಹಾರಿಸಬೇಕಾದ ನೀರು 480 ಕಿಲೋಗ್ರಾಂ. ಎಳೆಯ ಕಬ್ಬಿನ ಬ್ರಿಕ್ಸ್ 16 ಆದರೆ ಸಾರವು 96 ಕಿಲೋಗ್ರಾಂ, ನೀರು 504 ಕಿಲೋಗ್ರಾಂ. ಕಲ್ಮಷದಲ್ಲಿ ಹೋಗುವುದು, ಬೆಲ್ಲದಲ್ಲಿ ಉಳಿಯುವ ತೇವ ಇವುಗಳನ್ನು ಬಿಟ್ಟು ನೋಡಿದರೆ, ಟನ್ನಿಗೆ 24 ಕಿಲೋಗ್ರಾಂ ಸಾರ ಕಡಮೆ, 24 ಕಿಲೋಗ್ರಾಂ ನೀರು ಹೆಚ್ಚು. ಸಾರ ಕಡಮೆಯಾದಷ್ಟೂ ಒಲೆಗೆ ಸಿಪ್ಪೆ ಹೆಚ್ಚು. ಆ ಕಡಮೆಯಾದ ಸಾರದಲ್ಲಿಯೂ ಜಿಗುಟು ಸಕ್ಕರೆಯ ಪಾಲು ಅಧಿಕವಾದುದರಿಂದ ಬೆಲ್ಲದ ದರ್ಜೆಯೂ ಇಳಿಯುವುದು. ತೂಕದಲ್ಲಿ ಒಂದು ನಷ್ಟ, ಸೌದೆಯಲ್ಲಿ ಒಂದು ನಷ್ಟ, ದರದಲ್ಲಿ ಒಂದು ನಷ್ಟ.

ದ್ರಾಕ್ಷಿಯಿಂದ ಮನೆಗಳಲ್ಲಿ ಮದ್ಯರಸವನ್ನು ತಯಾರಿಸುವವರ ಅನುಭವವೂ ಇದಕ್ಕೆ ಸಾಕ್ಷಿಯಾಗಿದೆ. ಬೆಂಗಳೂರಿನ ಸುತ್ತಿನ ನೀಲಿ ದ್ರಾಕ್ಷಿಗೂ, ಬಿಳಿಯ ಉದ್ದನೆಯ ಸಿಹಿ ದ್ರಾಕ್ಷಿಗೂ ಹುಳಿಯೂ ಸಿಹಿಯೂ ಬೇರೆ ಬೇರೆ. ಮಾರುಕಟ್ಟೆಯಿಂದ ಎರಡನ್ನೂ ಅಳತೆಯಿಲ್ಲದೆ ತಂದು ಒಂದೇ ಜಾಡಿಯಲ್ಲಿ ಹಿಸುಕಿ, ಪುಸ್ತಕದಲ್ಲಿ ಹೇಳಿದಷ್ಟು ಸಕ್ಕರೆಯನ್ನು ಹಾಕಿದವರಿಗೆ ಒಂದು ವರ್ಷ ಬಂದ ರುಚಿಯು ಮತ್ತೊಂದು ವರ್ಷ ಬಾರದು. ಕೆಟ್ಟರೆ ಏಕೆ ಕೆಟ್ಟಿತೆಂಬುದೂ ತಿಳಿಯದು. ಹಣ್ಣಿನ ಬ್ರಿಕ್ಸನ್ನು ಮೊದಲೇ ಅಳೆದು, ಜಾತಿ ಜಾತಿಯ ರಸವನ್ನು ಬೇರೆ ಬೇರೆಯಾಗಿ ಹದಮಾಡಿ, ಬೆರಸುವುದಿದ್ದರೆ ಕಟ್ಟಕಡೆಯಲ್ಲಿ ರುಚಿ ನೋಡಿ ಬೆರಸುವುದು ಆ ಕಸಬನ್ನು ಬಲ್ಲವರ ಪದ್ಧತಿ. ದ್ರಾಕ್ಷಿಯನ್ನು ಅಳೆಯುವ ಅದೇ ಗಾಜಿನ ಉಪಕರಣವು ನಮ್ಮ ಕಬ್ಬನ್ನೂ ಅಳೆಯುವುದು.

ದರದ ಅನ್ಯಾಯ

ಇಷ್ಟು ತಿಳಿದ ಮೇಲೂ ಬೆರಕೆಯು ಏಕೆ ನಡೆಯುತ್ತಿದೆಯೆಂದು ಕೇಳಬಹುದು. ರೈತನು ಮೂಢನಾದುದರಿಂದ ನಡೆಯುತ್ತಿದೆಯೆಂದು ಹೇಳುವವರ ಪಕ್ಷದಲ್ಲಿ ನಾನಿಲ್ಲ. ರೈತನು ತನ್ನ ಲಾಭವನ್ನು ಚೆನ್ನಾಗಿಯೇ ಬಲ್ಲನು. ಆಲೆಮನೆಯು ಕಬ್ಬನ್ನು ಕೊಳ್ಳುವುದು ಟನ್ನಿನ ಮೇಲೆ. 20 ಬ್ರಿಕ್ಸಿನ ಟನ್ನಿಗೂ 16 ಬ್ರಿಕ್ಸಿನ ಟನ್ನಿಗೂ ಒಂದೇ ದರ. ಹಾಗಿರುವಲ್ಲಿ ಸಿಹಿ ಕಬ್ಬನ್ನು ಬೆಳೆದು, ಅದು ಹದಕ್ಕೆ ಬರುವವರೆಗೆ ಕಾದು, ತುದಿಯನ್ನು ಕತ್ತರಿಸಿ, ನೀರುಗಂದನ್ನು ಬಿಸುಟು ತೂಕವನ್ನು ಕಳೆದುಕೊಳ್ಳತಕ್ಕವನು ಯಾರು? ತೂಕಕ್ಕೆ ಹಣ ಕೊಟ್ಟು ಗುಣವನ್ನು ಕೇಳಿದರೆ ಗುಣವು ಬಾರದು.

ಸಕ್ಕರೆ ಕಾರ್ಖಾನೆಗಳಲ್ಲಿ ಕೇಂದ್ರ ಸರ್ಕಾರವು ಗೊತ್ತುಮಾಡುವ ನ್ಯಾಯಬೆಲೆಯಲ್ಲಿ ಸಕ್ಕರೆಯ ಇಳುವರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿಯುಂಟು. ಈಚಿನ ಹಂಗಾಮುಗಳಲ್ಲಿ ಶೇಕಡ 10.25ರ ಇಳುವರಿಯನ್ನು ಮೂಲವಾಗಿಟ್ಟುಕೊಂಡು ದರವನ್ನು ಕಟ್ಟಿದ್ದಾರೆ. ಆದರೆ ಅದು ಕಾರ್ಖಾನೆಯ ಒಟ್ಟು ಸರಾಸರಿಯೇ ಹೊರತು ಒಬ್ಬೊಬ್ಬ ರೈತನ ಕಬ್ಬಿನ ಪರೀಕ್ಷೆಯಲ್ಲ. ಒಳ್ಳೆಯ ಕಬ್ಬು ತಂದವನೂ ಕೆಟ್ಟ ಕಬ್ಬು ತಂದವನೂ ಒಂದೇ ಸರಾಸರಿಯನ್ನು ಹಂಚಿಕೊಳ್ಳುವರು. ಸಾವಿರಾರು ಗಾಡಿಗಳು ಬರತಕ್ಕ ಕಾರ್ಖಾನೆಯಲ್ಲಿ ಇದನ್ನು ಬದಲಾಯಿಸುವುದು ಕಷ್ಟವಾಗಬಹುದು. ದಿವಸಕ್ಕೆ ಕೆಲವೇ ಟನ್ನು ಅರೆಯುವ, ಕಬ್ಬಿನ ಒಡೆಯನ ಮುಖವನ್ನು ಬಲ್ಲ ಆಲೆಮನೆಯಲ್ಲಿ ಇದು ಕಷ್ಟವೇನೂ ಅಲ್ಲ. ಆದಕಾರಣ ಆಲೆಮನೆಗಳಲ್ಲಿ ಕಬ್ಬಿನ ದರವನ್ನು ಬ್ರಿಕ್ಸಿನ ಮೇಲೆ ಗೊತ್ತುಮಾಡತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮಾಪಕವು ಊರಿಗೊಂದಿದ್ದರೆ ಸಾಕು. ಎರಡು ತೊಟ್ಟು ಹಾಲನ್ನು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ಅಂಕಿಯನ್ನು ಓದುವುದು ಶಾಲೆಯ ಹುಡುಗನಿಗೂ ಸಾಧ್ಯ.

ಆಕ್ಷೇಪಣೆಗಳು

“ನಮ್ಮ ಹಿಡುವಳಿಗಳು ಚಿಕ್ಕವು, ಇಪ್ಪತ್ತು ಗುಂಟೆಯವನು ತನ್ನ ಕಬ್ಬನ್ನು ಬೇರೆಯಾಗಿ ಅರೆಸೆಂದರೆ ಯಾವ ಆಲೆಮನೆಯವನು ಒಪ್ಪುವನು?” ಎಂದು ಕೆಲವರು ಕೇಳುವರು. ಇದು ನ್ಯಾಯವಾದ ಪ್ರಶ್ನೆ. ಒಬ್ಬನ ಕಬ್ಬನ್ನು ಒಬ್ಬನದಾಗಿಯೇ ಅರೆಯಬೇಕೆಂದು ನಾನು ಹೇಳುವುದಿಲ್ಲ. ಒಂದೇ ತಳಿಯ, ಒಂದೇ ತಿಂಗಳಿನ ನಾಟಿಯ ಹತ್ತು ಮಂದಿಯ ಕಬ್ಬನ್ನು ಒಟ್ಟಿಗೆ ಅರೆದರೆ ಅದು ಬೆರಕೆಯಾಗದು. ಬೇಡವಾದುದು ಜನರ ಕೂಟವಲ್ಲ, ಗುಣಗಳ ಕಲಸು.

“ಒಂದೇ ತಳಿಯನ್ನು ಊರೆಲ್ಲ ಬೆಳೆದರೆ ರೋಗ ಬಂದಾಗ ಎಲ್ಲವೂ ಹೋಗುವುದಿಲ್ಲವೇ?” ಎಂಬುದು ಎರಡನೆಯ ಆಕ್ಷೇಪಣೆ. ಇದರಲ್ಲಿಯೂ ಅರ್ಥವಿದೆ. ಊರಿನಲ್ಲಿ ಎರಡು ಮೂರು ತಳಿಗಳು ಇರಲಿ. ಬೇಗ ಹದಕ್ಕೆ ಬರುವುದೊಂದು, ತಡವಾಗಿ ಬರುವುದೊಂದು ಇದ್ದರೆ ಗಾಣಕ್ಕೂ ಹಂಗಾಮು ಉದ್ದವಾಗುವುದು. ಆದರೆ ಒಂದು ತಾಕಿನಲ್ಲಿ ಒಂದೇ ಇರಲಿ. ಊರಿನಲ್ಲಿ ಬಗೆಬಗೆ ಇರುವುದು ಜಾಣತನ. ಗದ್ದೆಯಲ್ಲಿ ಬಗೆಬಗೆ ಇರುವುದು ಅಜಾಗ್ರತೆ.

“ಹಣದ ತೊಂದರೆಯವನು ಹದಕ್ಕೆ ಕಾಯಲಾರನು” ಎಂಬುದು ಮೂರನೆಯದು. ಮೂರರಲ್ಲಿಯೂ ಕಠಿನವಾದುದು ಇದೇ. ಮಗಳ ಮದುವೆಯೋ ಸಾಲದ ಕಂತೋ ಬಂದಾಗ ಹತ್ತು ತಿಂಗಳಿನ ಕಬ್ಬನ್ನು ಕಡಿಸತಕ್ಕವನಿಗೆ ಉಪದೇಶದಿಂದ ಪ್ರಯೋಜನವಿಲ್ಲ. ಇಲ್ಲಿ ಸಹಕಾರ ಸಂಘಗಳೂ ಗ್ರಾಮದ ಉಳ್ಳವರೂ ಬೆಳೆಯ ಮೇಲೆ ಎರಡು ತಿಂಗಳ ಕೈಸಾಲವನ್ನು ನ್ಯಾಯವಾದ ಬಡ್ಡಿಗೆ ಕೊಟ್ಟರೆ, ಆ ಎರಡು ತಿಂಗಳಲ್ಲಿ ಹೆಚ್ಚುವ ಸಕ್ಕರೆಯೇ ಸಾಲಗಾರನಿಗೆ ನೆರವಾಗುವುದು. ಎಳೆಯ ಕಬ್ಬನ್ನು ಕೊಂಡು ಲಾಭ ಮಾಡತಕ್ಕವರು ಊರಿನಲ್ಲಿಯೇ ಇರುವರೆಂಬುದನ್ನು ಮುಖಂಡರು ಅರಿಯದವರೇನಲ್ಲ.

ಗ್ರಾಮದ ಮುಖಂಡರಲ್ಲಿ ಅರಿಕೆ

1. ಪ್ರತಿ ಗ್ರಾಮದಲ್ಲಿಯೂ ಒಬ್ಬಿಬ್ಬರು ಜಮೀನುದಾರರು ಶುದ್ಧವಾದ ಬೀಜದ ಮಡಿಯನ್ನು ಇಡತಕ್ಕದ್ದು. ಒಂದು ಗುಂಟೆಯ ಮಡಿಯು ಸುಮಾರು ಹತ್ತು ಗುಂಟೆಗೆ ಬೀಜವನ್ನು ಒದಗಿಸುವುದಾದ್ದರಿಂದ ನಾಲ್ಕು ಗುಂಟೆಯಿಂದ ಒಂದು ಎಕರೆ ನೆಡಬಹುದು. ಮೂಲ ಬೀಜವನ್ನು ವಿ.ಸಿ. ಫಾರಂನಿಂದಲೋ ನಂಬಿಕೆಯ ಬೇರೆ ಕ್ಷೇತ್ರದಿಂದಲೋ ಹೆಸರನ್ನು ಪೂರ್ತಿಯಾಗಿ ಬರೆಸಿಕೊಂಡು ತರತಕ್ಕದ್ದು.

2. ಬೀಜದ ಮಡಿಯಲ್ಲಿ ಆರನೆಯ ತಿಂಗಳಿನಲ್ಲಿ ಒಂದು ಸಲ ಸಾಲು ಸಾಲಾಗಿ ನಡೆದು, ಜಲ್ಲೆಯ ಬಣ್ಣ, ಕಣ್ಣಿನ ಆಕಾರ, ಎಲೆಯ ಬುಡದ ಸುಂಕು, ಒಣಗಿದ ಸೋಗೆ ತಾನಾಗಿ ಉದುರುವುದೋ ಅಂಟಿಕೊಂಡಿರುವುದೋ ಎಂಬಿವುಗಳನ್ನು ನೋಡಿ, ಉಳಿದವುಗಳಂತೆ ಇಲ್ಲದ ಬುಡಗಳನ್ನು ಕಿತ್ತುಹಾಕತಕ್ಕದ್ದು. ಹುಲ್ಲಿನಂತೆ ಸಣ್ಣ ಕಂದುಗಳು ಗುಂಪಾಗಿ ಎದ್ದ ಬುಡಗಳು ರೋಗದವು. ಅವುಗಳನ್ನು ಬೀಜಕ್ಕೆ ಎಂದಿಗೂ ತೆಗೆದುಕೊಳ್ಳಕೂಡದು.

3. ಸಂದು ತುಂಬಲು ನಾಟಿಯ ದಿವಸವೇ ಅದೇ ಬೀಜದಿಂದ ಗದ್ದೆಯ ಮೂಲೆಯಲ್ಲಿ ಕೆಲವು ತುಂಡುಗಳನ್ನು ಹೆಚ್ಚಾಗಿ ನೆಟ್ಟು ಇಟ್ಟುಕೊಳ್ಳತಕ್ಕದ್ದು. ಆಗ ತಳಿಯೂ ಒಂದೇ, ವಯಸ್ಸೂ ಒಂದೇ.

4. ಊರಿಗೊಂದು ಕಬ್ಬಿನ ಪುಸ್ತಕವನ್ನು ಇಡತಕ್ಕದ್ದು. ಅದರಲ್ಲಿ ತಾಕಿನ ಹೆಸರು, ತಳಿಯ ಪೂರ್ಣ ಸಂಖ್ಯೆ, ನಾಟಿಯ ಇಲ್ಲವೆ ಕೂಳೆಯ ತಾರೀಖು, ಕೊನೆಯ ಗೊಬ್ಬರದ ತಾರೀಖು ಇವಿಷ್ಟಿದ್ದರೆ ಸಾಕು. ಕಡಿತದ ಸರದಿಯನ್ನು ಈ ಪುಸ್ತಕದ ಮೇಲೆಯೇ ಗೊತ್ತುಮಾಡತಕ್ಕದ್ದು. ಪ್ರಭಾವದ ಮೇಲೆ ಅಲ್ಲ.

5. ಕಡಿಯುವುದಕ್ಕೆ ಮುಂಚೆ ಗದ್ದೆಯ ನಾಲ್ಕೈದು ಕಡೆಗಳಿಂದ ಜಲ್ಲೆ ತೆಗೆದು ಬುಡದ ಹಾಲನ್ನೂ ತುದಿಯ ಹಾಲನ್ನೂ ಬ್ರಿಕ್ಸ್ ಮಾಪಕದಿಂದ ನೋಡತಕ್ಕದ್ದು. ತುದಿಯ ಅಂಕಿಯು ಬುಡದ ಅಂಕಿಗಿಂತ ಬಹಳ ಕಡಮೆಯಿದ್ದರೆ ಕಬ್ಬು ಇನ್ನೂ ಎಳೆಯದು. ಎರಡೂ ಹೆಚ್ಚುಕಡಮೆ ಸಮವಾಗಿ, 20ರ ಸುಮಾರಿಗೆ ಬಂದರೆ ಹದವಾಯಿತೆಂದು ತಿಳಿಯಬಹುದು. ಬುಡದ ಅಂಕಿಯೇ ಇಳಿಯತೊಡಗಿದರೆ ತಡವಾಯಿತು.

6. ಕಡಿದ ಕಬ್ಬನ್ನು 24 ಗಂಟೆಗಳೊಳಗೆ ಅರೆಯತಕ್ಕದ್ದು. ಅಂಗಳದಲ್ಲಿ ರಾಶಿಯ ಬದಲು ಸಾಲುಗಳನ್ನು ಮಾಡಿ, ಮೊದಲು ಬಂದ ಸಾಲನ್ನು ಮೊದಲು ಗಾಣಕ್ಕೆ ಕೊಡತಕ್ಕದ್ದು. ಚೌಳಿನ ಕಬ್ಬು, ಬಿದ್ದ ಕಬ್ಬು, ಹುಳು ಕೊರೆದ ಕಬ್ಬು ಇವುಗಳನ್ನು ಕೊನೆಯ ಕೊಪ್ಪರಿಗೆಗೆ ಬೇರೆಯಾಗಿ ಹಾಕಿ, ಅದರಿಂದ ಬಂದ ಬೆಲ್ಲವನ್ನು ಬೇರೆ ದರ್ಜೆಯಾಗಿಯೇ ಮಾರತಕ್ಕದ್ದು.

7. ಹೈಡ್ರಾಸನ್ನು ಬಿಟ್ಟು, ನಮ್ಮ ಹಿರಿಯರಿಗೆ ತಿಳಿದಿದ್ದ ಬೆಂಡೆಗಿಡದ ಲೋಳೆಯಿಂದ ಕಲ್ಮಷವನ್ನು ತೆಗೆಯುವ ಪದ್ಧತಿಗೆ ಬರತಕ್ಕದ್ದು. ಒಳ್ಳೆಯ ಕಬ್ಬಿನ ಹಾಲಿಗೆ ಇಷ್ಟೇ ಸಾಕು. ಕೆಟ್ಟ ಕಬ್ಬಿನ ಹಾಲಿಗೆ ಯಾವ ಪುಡಿಯೂ ಸಾಲದು.

2020ರಲ್ಲಿ ಪ್ರಾರಂಭವಾದ ಕೇಂದ್ರ ಸರ್ಕಾರದ ಕಿರು ಆಹಾರ ಉದ್ದಿಮೆಗಳ ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನವೆಂಬ ಕ್ರಮದಲ್ಲಿ ಮಂಡ್ಯ ಜಿಲ್ಲೆಗೆ ಬೆಲ್ಲವನ್ನೇ ಗೊತ್ತುಮಾಡಿರುವುದು ವಾಚಕರಿಗೆ ವಿದಿತವಾಗಿಯೇ ಇದೆ. ಯಂತ್ರಕ್ಕೂ ಕಟ್ಟಡಕ್ಕೂ ಅಚ್ಚುಕಟ್ಟಾದ ಪೊಟ್ಟಣಕ್ಕೂ ಅದರಿಂದ ನೆರವು ದೊರೆಯಬಹುದು. ಆದರೆ ಪೊಟ್ಟಣದ ಮೇಲೆ ಮಂಡ್ಯದ ಬೆಲ್ಲವೆಂದು ಅಚ್ಚುಹಾಕಿಸಿದ ಮಾತ್ರಕ್ಕೆ ಒಳಗಿರುವುದು ಒಳ್ಳೆಯದಾಗದು. ಅಚ್ಚು, ಕುರಿಕಾಟು, ಬಕೆಟ್ ಎಂದು ಮಂಡಿಯಲ್ಲಿ ಆಕಾರದ ಮೇಲೆ ಹೆಸರಿಡುವಂತೆ, ಇಂತಹ ತಳಿಯದು, ಇಂತಹ ಊರಿನದು ಎಂದು ಗುಣದ ಮೇಲೆ ಹೆಸರು ಹೇಳಿ ಮಾರುವ ದಿವಸ ಬಂದರೆ, ಕೊಳ್ಳುವವನು ಆ ಊರನ್ನು ಕೇಳಿಕೊಂಡು ಬರುವನು.

ಈ ಕಾರ್ಯಕ್ಕೆ ದೊಡ್ಡ ಬಂಡವಾಳವು ಬೇಕಿಲ್ಲ. ನಾಲ್ಕು ಗುಂಟೆ ನೆಲ, ಒಂದು ಪುಸ್ತಕ, ಒಂದು ಮಾಪಕ, ಇವುಗಳ ಹಿಂದೆ ನಿಲ್ಲತಕ್ಕ ಒಬ್ಬ ಯಜಮಾನ ಇಷ್ಟು ಸಾಕು. ಮುಂದಿನ ನಾಟಿಯ ಕಾಲಕ್ಕೆ ಮುಂಚೆ ನಿಮ್ಮ ನಿಮ್ಮ ಗ್ರಾಮಗಳಲ್ಲಿ ಕಬ್ಬು ಬೆಳೆಯುವವರನ್ನೂ ಆಲೆಮನೆಯವರನ್ನೂ ಒಂದು ದಿವಸ ಒಟ್ಟಿಗೆ ಸೇರಿಸಿ, ಯಾವ ತಾಕಿನಲ್ಲಿ ಯಾವ ತಳಿ, ಯಾವ ತಿಂಗಳು ಕಡಿತ, ಬ್ರಿಕ್ಸಿಗೆ ಎಷ್ಟು ದರ ಎಂಬ ಮೂರು ವಿಷಯಗಳನ್ನು ಗೊತ್ತುಮಾಡಬೇಕೆಂದು ಕೇಳಿಕೊಳ್ಳುವೆನು. ಆ ಸಭೆಗೆ ಕರೆಬಂದಲ್ಲಿ ನಮ್ಮ ಇಲಾಖೆಯವರು ಮಾಪಕದೊಡನೆ ಬರಲು ಸಿದ್ಧರಿದ್ದಾರೆ.